ನಗರವಾಸದ ಕ್ಷೇಮ: ಬಾರಾಮಹಲಿನಿಂದ ಅಮೆರಿಕದವರೆಗೆ ಒಂದು ಚಾರಿತ್ರಿಕ ನೋಟ

ಶೇರ್ವರಾಯನ್ ಬೆಟ್ಟಗಳಿಗೂ ಚಿತ್ತೇರಿ ಬೆಟ್ಟಗಳಿಗೂ ನಡುವೆ, ವಾಣಿಯಾರಿನ ನೀರನ್ನು ನಂಬಿಕೊಂಡಿರುವ ಪಾಪಿರೆಡ್ಡಿಪಟ್ಟಿಯಂತಹ ಊರಿನಿಂದ ನೋಡುವವರಿಗೆ ಅಮೆರಿಕದ ಮಹಾನಗರಗಳು ಬಹು ದೂರದವು. ಆದರೂ ಬೊಮ್ಮಿಡಿಯಲ್ಲಿ ರೈಲು ಹತ್ತಿ ಓದಿಗೆಂದು ಹೊರಟ ಮಕ್ಕಳು ಮೊದಲು ಬೆಂಗಳೂರು ಚೆನ್ನೈಗಳನ್ನು, ಅಲ್ಲಿಂದ ನ್ಯೂಯಾರ್ಕ್ ಸ್ಯಾನ್ ಫ್ರಾನ್ಸಿಸ್ಕೋಗಳನ್ನು ಸೇರುವುದು ಈ ಕಾಲದಲ್ಲಿ ಅಪರೂಪವಲ್ಲ. ಮಕ್ಕಳು ಕರೆದಾಗ ಹಿರಿಯರ ಬಾಯಲ್ಲಿ ಬರುವ ಮಾತುಗಳು ಎರಡು. "ಅಲ್ಲಿ ಬಂದೂಕು ಹಿಡಿದೇ ತಿರುಗುತ್ತಾರಂತಲ್ಲ" ಎಂಬುದು ಒಂದು. "ಅಷ್ಟು ದುಡ್ಡು ಸುರಿಯುವ ಊರೆಂದ ಮೇಲೆ ಕ್ಷೇಮವಾಗಿಯೇ ಇರಬೇಕು" ಎಂಬುದು ಇನ್ನೊಂದು. ಈ ಎರಡು ಮಾತುಗಳಲ್ಲಿ ಯಾವುದು ಎಷ್ಟು ನಿಜ? ಒಂದು ನಗರ ವಾಸಯೋಗ್ಯವಾಗುವುದು ಹೇಗೆ? ಈ ಪ್ರಶ್ನೆಯನ್ನು ಪತ್ರಿಕೆಯ ಇಂದಿನ ಸುದ್ದಿಯಿಂದ ಬಗೆಹರಿಸಲಾಗದು. ಅದಕ್ಕೆ ಚರಿತ್ರೆಯ ನೆರವು ಬೇಕು; ಆ ಚರಿತ್ರೆಯನ್ನು ನಮ್ಮ ಸೀಮೆಯಿಂದಲೇ ಆರಂಭಿಸುವುದು ಉಚಿತ.

ಧರ್ಮಪುರಿ, ಕೃಷ್ಣಗಿರಿಗಳ ಸುತ್ತಲ ನಾಡಿಗೆ ಬಾರಾಮಹಲ್ ಎಂಬ ಹೆಸರಿತ್ತು. ಹನ್ನೆರಡು ದುರ್ಗಗಳ ನಾಡೆಂದು ಅದರ ಅರ್ಥವನ್ನು ಹೇಳುತ್ತಾರೆ. ಅದಕ್ಕೂ ಬಹಳ ಹಿಂದೆ ನೊಳಂಬರು ಇಲ್ಲಿ ಆಳಿದರು. ಧರ್ಮಪುರಿಯಲ್ಲಿ ದೊರೆತಿರುವ, ಒಂಬತ್ತನೆಯ ಶತಮಾನದ ಕೊನೆಗೆ ಸೇರಿದ ಕನ್ನಡ ಶಾಸನ ಆ ಆಳ್ವಿಕೆಗೆ ಸಾಕ್ಷಿಯಾಗಿದೆ. ಅಂದಿನಿಂದ ಹೈದರ್, ಟಿಪ್ಪುವಿನ ಕಾಲದವರೆಗೂ ಕ್ಷೇಮವೆಂದರೆ ಕೋಟೆಯ ಗೋಡೆ. ದಂಡು ಬರುವ ಸುದ್ದಿ ಬಂದರೆ ದವಸವನ್ನು ಹಗೇವಿನಲ್ಲಿ ಹೂಳಿ, ದನಕರುಗಳೊಡನೆ ದುರ್ಗವನ್ನೋ ಕಾಡನ್ನೋ ಸೇರುವುದೇ ಜನರಿಗೆ ತಿಳಿದಿದ್ದ ಉಪಾಯ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಕಂಪನಿ ಸರ್ಕಾರದ ವಶವಾಯಿತು. ಅಲೆಗ್ಸಾಂಡರ್ ರೀಡ್ ಮತ್ತು ಅವನ ಕೈಕೆಳಗಿದ್ದ ಥಾಮಸ್ ಮನ್ರೋ ಇಲ್ಲಿ ಭೂಮಿ ಅಳೆದು ಕಂದಾಯ ಕಟ್ಟಿದರು. ದಂಡುಗಳ ಕಾಟ ಕ್ರಮೇಣ ನಿಂತಿತು, ದುರ್ಗಗಳು ಪಾಳುಬಿದ್ದವು. ಇನ್ನು ಭಯವಿಲ್ಲವೆಂದು ಜನರು ಭಾವಿಸಿದ್ದರೆ ಅದು ಸಹಜವೇ.

ಆದರೆ ದಂಡಿಗಿಂತ ಘೋರವಾದದ್ದು 1876ರಲ್ಲಿ ಬಂತು. ಧಾತು ಈಶ್ವರ ಸಂವತ್ಸರಗಳ ಆ ಕ್ಷಾಮ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕೊಂಡೊಯ್ದಿತು. 1871ರ ಜನಗಣತಿಯಲ್ಲಿ ಸುಮಾರು 19 ಲಕ್ಷ 67 ಸಾವಿರದಷ್ಟಿದ್ದ ಸೇಲಂ ಜಿಲ್ಲೆಯ ಜನ 1881ರ ಹೊತ್ತಿಗೆ ಸುಮಾರು 16 ಲಕ್ಷಕ್ಕೆ ಇಳಿದಿದ್ದರು. ಸತ್ತವರೂ ಊರು ಬಿಟ್ಟವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಜಿಲ್ಲೆಯ ನಡುವೆ ರೈಲು ಹಾದುಹೋಗಿ ಆಗಲೇ ಹದಿನೈದು ವರ್ಷವಾಗಿತ್ತೆಂಬುದನ್ನು ಗಮನಿಸಬೇಕು. ಧಾನ್ಯ ಹೊತ್ತ ಗಾಡಿ ಹತ್ತಿರದ ನಿಲ್ದಾಣಕ್ಕೆ ಬಂದರೂ, ಕೊಳ್ಳಲು ಕೈಯಲ್ಲಿ ಕಾಸಿಲ್ಲದವನಿಗೆ ಅದು ಅನ್ನವಾಗಲಿಲ್ಲ. ಕೋಟೆಯಾಗಲಿ ರೈಲಾಗಲಿ ತಾನೇ ತಾನಾಗಿ ಯಾರನ್ನೂ ಕಾಯುವುದಿಲ್ಲವೆಂದು ಆಳುವವರಿಗೂ ಅರಿವಾದದ್ದು ಆಗ. 1880ರ ಕ್ಷಾಮ ಆಯೋಗ, ಅದರ ಬೆನ್ನಿಗೆ ಬಂದ ಕ್ಷಾಮ ಸಂಹಿತೆಗಳು ಆ ಅರಿವಿನ ಫಲ. ಮಳೆ ಹೋದಾಗ ಯಾರಿಗೆ, ಎಲ್ಲಿ, ಯಾವ ಕೆಲಸ ಕೊಟ್ಟು ಕೂಲಿ ಕೊಡಬೇಕೆಂಬುದು ಮೊದಲ ಬಾರಿಗೆ ಲಿಖಿತ ನಿಯಮವಾಯಿತು.

ವಿಪತ್ತು ಮೊದಲು, ವ್ಯವಸ್ಥೆ ಆಮೇಲೆ ಎಂಬ ಈ ಕ್ರಮವನ್ನೇ ಅಮೆರಿಕದ ನಗರಗಳ ಚರಿತ್ರೆಯಲ್ಲಿಯೂ ಕಾಣುತ್ತೇವೆ. 1832ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಾಲರಾ ತಗುಲಿ ಸುಮಾರು 3,500 ಮಂದಿ ಸತ್ತರು. ಬಾವಿಗಳ ಕೊಳಕು ನೀರಿಗೆ ಪರಿಹಾರವಾಗಿ 1842ರಲ್ಲಿ ಕ್ರೋಟನ್ ನದಿಯ ನೀರನ್ನು ಕಾಲುವೆಯ ಮೂಲಕ ನಗರಕ್ಕೆ ತಂದರು. ಆದರೆ ನಲ್ಲಿ ಹಾಕಿಸಿಕೊಳ್ಳಲು ಶಕ್ತಿಯಿದ್ದ ಮನೆಗಳಿಗೆ ಮಾತ್ರ ಆ ನೀರು ಒಳಗೆ ಬಂತು. 1849ರಲ್ಲಿ ಕಾಲರಾ ಮರಳಿದಾಗ ಸುಮಾರು ಐದು ಸಾವಿರ ಮಂದಿ ಸತ್ತರು. ಅವರಲ್ಲಿ ಬಡವರ ಪಾಲೇ ದೊಡ್ಡದು. ಕೊನೆಗೆ 1866ರಲ್ಲಿ ಅಧಿಕಾರವುಳ್ಳ ಆರೋಗ್ಯ ಮಂಡಲಿಯನ್ನು ಅಲ್ಲಿ ಸ್ಥಾಪಿಸಿದ ಮೇಲೆ ಅದೇ ವರ್ಷದ ಕಾಲರಾ ಹಿಂದಿನಷ್ಟು ಹರಡಲಿಲ್ಲ. ನಮ್ಮ ಸೇಲಂ ಪುರಸಭೆ ಹುಟ್ಟಿದ್ದೂ ಅದೇ 1866ರಲ್ಲಿ. ಎರಡು ಊರುಗಳಿಗೂ ಐಶ್ವರ್ಯದಲ್ಲಿ ಹೋಲಿಕೆಯೇ ಇಲ್ಲ. ಆದರೂ ಬೀದಿಯ ಕಸ, ಕುಡಿಯುವ ನೀರು ಮನೆಮನೆಯ ವಿಷಯವಲ್ಲ, ಊರಿನ ವಿಷಯ ಎಂಬ ತಿಳಿವಳಿಕೆ ಎರಡೂ ಕಡೆ ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಮೂಡಿತು.

ಇದಕ್ಕಿಂತಲೂ ನಿಕಟವಾದ ಹೋಲಿಕೆಯೊಂದು ಪ್ಲೇಗಿನ ಚರಿತ್ರೆಯಲ್ಲಿದೆ. 1896ರಲ್ಲಿ ಮುಂಬಯಿಗೆ ಬಂದಿಳಿದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಅದೇ ಪಿಡುಗು 1900ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೀನೀಯರ ಕೇರಿಯಲ್ಲಿ ಕಾಣಿಸಿಕೊಂಡಿತು. ಬೆಂಗಳೂರಿನಲ್ಲಿ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ತೆರವು ಮಾಡಿಸಿ, ಜನರನ್ನು ಊರಾಚೆಯ ಗುಡಿಸಲುಗಳಿಗೆ ಕಳುಹಿಸಿದರು. ಆ ಬಲವಂತಕ್ಕೆ ಜನ ನೊಂದರು. ಆದರೆ ಅಗಲವಾದ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಕಸ ತೆಗೆಯುವ ಓಣಿ ಇವುಗಳೊಡನೆ ಬಸವನಗುಡಿ ಮಲ್ಲೇಶ್ವರಗಳು ಬೆಳೆದದ್ದು ಆ ಭಯದ ನೆರಳಿನಲ್ಲಿ. ಇಂದು ನಾವು ಹಳೆಯ ಬೆಂಗಳೂರಿನ ಸೊಬಗೆಂದು ಹೊಗಳುವ ಸಾಲುಮರದ ಬೀದಿಗಳಿಗೆ ಇಲಿ ಬಿದ್ದ ಮನೆಗಳ ನೆನಪು ಅಂಟಿಕೊಂಡಿದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆದದ್ದೇನು? ಚೀನೀಯರ ಕೇರಿಗೆ ಹಗ್ಗ ಕಟ್ಟಿ, ಒಳಗಿದ್ದ ಬಿಳಿಯರ ಅಂಗಡಿಗಳನ್ನು ಮಾತ್ರ ಆ ಎಲ್ಲೆಯಿಂದ ಹೊರಗಿಟ್ಟರು. ಇದು ಆರೋಗ್ಯದ ಕ್ರಮವಲ್ಲ, ಪಕ್ಷಪಾತವೆಂದು ನ್ಯಾಯಾಲಯ ಅದನ್ನು ರದ್ದು ಮಾಡಿತು. ಪ್ಲೇಗಿನ ಸುದ್ದಿ ಹಬ್ಬಿದರೆ ರಾಜ್ಯದ ಹಣ್ಣುಹಂಪಲನ್ನು ಯಾರೂ ಕೊಳ್ಳಲಾರರೆಂಬ ವರ್ತಕರ ಅಂಜಿಕೆಗೆ ಮಣಿದು ಗವರ್ನರ್ ಹೆನ್ರಿ ಗೇಜ್ ರೋಗವೇ ಇಲ್ಲವೆಂದು ಸಾರಿದನು. ನಗರದ ಬೆಲೆ ಕುಸಿಯದಿರಲೆಂದು ನಗರದ ಜನರ ಜೀವವನ್ನು ಪಣಕ್ಕಿಟ್ಟ ಪ್ರಸಂಗವಿದು. 1904ರ ಹೊತ್ತಿಗೆ ನೂರಕ್ಕೂ ಮೇಲ್ಪಟ್ಟು ಜನರು ಸತ್ತಿದ್ದರು. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಸುಮಾರು ಮೂರು ಸಾವಿರ ಮಂದಿ ಅಳಿದು, ನಗರದ ಅರ್ಧಕ್ಕಿಂತ ಹೆಚ್ಚು ಜನ ಮನೆ ಕಳೆದುಕೊಂಡರು. ಮರುವರ್ಷ ಪ್ಲೇಗು ಮತ್ತೆ ಬಂದಾಗ ಅದು ಚೀನೀಯರ ಕೇರಿಯ ಎಲ್ಲೆಯನ್ನು ಲೆಕ್ಕಿಸಲಿಲ್ಲ. ಅಷ್ಟರಲ್ಲಿ ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬ ಸತ್ಯ ಸ್ಥಿರಪಟ್ಟಿತ್ತು. ಅದನ್ನು ಮೊದಲು ತೋರಿಸಿದವನು 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ನಡೆಸಿದ ಪಾಲ್ ಲೂಯಿ ಸಿಮೊಂ. ದೃಢಪಡಿಸಿದ್ದು ಮುಂಬಯಿಯಲ್ಲಿ ಕೆಲಸ ಮಾಡಿದ ಸಂಶೋಧಕರು. ಆ ತಿಳಿವಳಿಕೆಯ ಬಲದಿಂದ ರೂಪರ್ಟ್ ಬ್ಲೂ ಎಂಬ ವೈದ್ಯಾಧಿಕಾರಿ ಜನಾಂಗದ ಹಿಂದೆ ಬೀಳುವುದನ್ನು ಬಿಟ್ಟು ಇಲಿಗಳ ಹಿಂದೆ ಬಿದ್ದು ಪಿಡುಗನ್ನು ಅಡಗಿಸಿದನು. ಇಂದಿನ ಅತಿ ದುಬಾರಿ ನಗರವೊಂದರ ಆರೋಗ್ಯಕ್ಕೆ ಭಾರತದ ನೆಲದಲ್ಲಿ ದೊರೆತ ಅರಿವು ನೆರವಾಯಿತೆಂಬುದು ನೆನಪಿಡತಕ್ಕ ಸಂಗತಿ.

ಆದರೆ ವಿಪತ್ತಿನಿಂದ ಹುಟ್ಟಿದ ಒಳಿತು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲಿಲ್ಲ. ಬಸವನಗುಡಿಯ ಯೋಜನೆಯಲ್ಲಿ ಜಾತಿ ಸಮುದಾಯಗಳಿಗೆ ಬೇರೆ ಬೇರೆ ಭಾಗಗಳನ್ನು ಗುರುತು ಮಾಡಲಾಗಿತ್ತು. ಅಮೆರಿಕದಲ್ಲಿ 1930ರ ದಶಕದಲ್ಲಿ ಗೃಹಸಾಲ ನೀಡುವ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಬರೆಸಿ, ಕರಿಯರು ನೆಲೆಸಿದ್ದ ಭಾಗಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಬಿದ್ದ ಕಡೆ ಸಾಲ ದುರ್ಲಭವಾಯಿತು, ಸಾಲವಿಲ್ಲದೆ ಮನೆಗಳು ದುರಸ್ತಿ ಕಾಣಲಿಲ್ಲ, ಬೆಲೆ ಇಳಿಯಿತು, ಶಾಲೆಗಳು ಸೊರಗಿದವು. ಒಂದೇ ನಗರದೊಳಗೆ ಕ್ಷೇಮದ ಬೀದಿಯೂ ಭಯದ ಬೀದಿಯೂ ನಾಲ್ಕು ಹೆಜ್ಜೆಯ ಅಂತರದಲ್ಲಿರುವುದಕ್ಕೆ ಈ ನಕ್ಷೆಗಳೂ ಒಂದು ಕಾರಣ. ಆದ್ದರಿಂದ "ಅಮೆರಿಕದ ನಗರ ಕ್ಷೇಮವೇ?" ಎಂದು ಕೇಳಿದರೆ, ಯಾವ ಬೀದಿ, ಯಾರಿಗೆ ಎಂಬ ಮರುಪ್ರಶ್ನೆ ಅನಿವಾರ್ಯವಾಗುತ್ತದೆ.

ಇನ್ನು ಎಲ್ಲರೂ ಅಂಜುವ ಕೊಲೆ ಸುಲಿಗೆಗಳ ಮಾತು. ಈ ಅಂಜಿಕೆಗೆ ಆಧಾರವಿಲ್ಲದಿಲ್ಲ. 1975ರಲ್ಲಿ ನ್ಯೂಯಾರ್ಕ್ ನಗರಾಡಳಿತ ದಿವಾಳಿಯ ಅಂಚಿಗೆ ಬಂದಾಗ, ಕೆಲಸ ಕಳೆದುಕೊಳ್ಳಲಿದ್ದ ಪೊಲೀಸರ ಸಂಘಗಳೇ ಇದು ಭಯದ ನಗರವೆಂದು ಸಾರುವ ಕರಪತ್ರವನ್ನು ಪ್ರವಾಸಿಗರಿಗೆಂದು ಅಚ್ಚು ಹಾಕಿಸಿದ್ದವು. 1990ರಲ್ಲಿ ಅಲ್ಲಿ 2,245 ಕೊಲೆಗಳಾದವು. ಆ ಕಾಲದಲ್ಲಿ ಅಲ್ಲಿದ್ದು ಬಂದವರ ಮಾತು ನಮ್ಮ ಮನಸ್ಸಿನಲ್ಲಿ ಇನ್ನೂ ಉಳಿದಿದೆ. ಆದರೆ 2017ರಲ್ಲಿ ಅದೇ ನಗರದ ಕೊಲೆಗಳ ಸಂಖ್ಯೆ ಮುನ್ನೂರರೊಳಗೆ ಇಳಿಯಿತು, ಜನಸಂಖ್ಯೆ ಏರಿದ್ದರೂ. ಪೊಲೀಸರ ಸಂಖ್ಯೆ ಹೆಚ್ಚಿದ್ದು, ಮಾದಕ ವಸ್ತುಗಳ ಬೀದಿ ಕಾಳಗ ಅಡಗಿದ್ದು, ಉದ್ಯೋಗ ಬೆಳೆದದ್ದು, ಕೇರಿಕೇರಿಗಳಲ್ಲಿ ಜನರೇ ಕಟ್ಟಿಕೊಂಡ ಸಂಸ್ಥೆಗಳು ದುಡಿದದ್ದು ಹೀಗೆ ಅನೇಕ ಕಾರಣಗಳನ್ನು ವಿದ್ವಾಂಸರು ಮುಂದಿಡುತ್ತಾರೆ. ಯಾವುದರ ತೂಕ ಎಷ್ಟೆಂಬ ಚರ್ಚೆ ಮುಗಿದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರಲ್ಲಿ ಆದ ಕೊಲೆಗಳು 35. ಆ ಹೊತ್ತಿಗೆ ಅದು ಸುಮಾರು ಆರು ದಶಕಗಳಲ್ಲಿಯೇ ಅತಿ ಕಡಿಮೆಯಾಗಿತ್ತು. ಇದಕ್ಕೆ ಪ್ರತಿಯಾಗಿ, ಬಾಡಿಗೆ ಅಗ್ಗವಾದ, ಸುಮಾರು ಮೂರು ಲಕ್ಷ ಜನರಿರುವ ಸೇಂಟ್ ಲೂಯಿ ನಗರದಲ್ಲಿ 2020ರ ಒಂದೇ ವರ್ಷ 260ಕ್ಕೂ ಮೇಲ್ಪಟ್ಟು ಕೊಲೆಗಳಾದವು. ದುಬಾರಿ ನಗರಗಳು ಕೊಲೆಯ ಮಟ್ಟಿಗೆ ಹೇಳುವುದಾದರೆ ಜನ ಅಂಜುವಷ್ಟು ಭಯಂಕರವಾಗಿಲ್ಲ. ಆದರೂ ನಮ್ಮ ದೇಶದ ಸರಾಸರಿಗೆ ಹೋಲಿಸಿದರೆ ಅಮೆರಿಕದಲ್ಲಿ ಕೊಲೆಗಳ ಪ್ರಮಾಣ ಹೆಚ್ಚೇ. ಬಂದೂಕು ಸುಲಭವಾಗಿ ಕೈಗೆ ಸಿಗುವುದು ಅದಕ್ಕೆ ಮುಖ್ಯ ಕಾರಣ.

ಜನ ಅಂಜುವ ಸಾವು ಒಂದು. ಬರುವ ಸಾವು ಬೇರೊಂದು. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಲೆಯಾದವರು ಐವತ್ತರ ಆಸುಪಾಸು. ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರು ಎಂಟುನೂರಕ್ಕೂ ಹೆಚ್ಚು. ಹಾಗೆಯೇ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ನಲವತ್ತು ಸಾವಿರ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. ಜನಸಂಖ್ಯೆಗೆ ಹೋಲಿಸಿ ನೋಡಿದರೆ ಇಂತಹ ಸಾವು ಹಳ್ಳಿಗಾಡಿನ ರಸ್ತೆಗಳಲ್ಲಿ ಹೆಚ್ಚು, ನಡೆದಾಡುವ ಬೀದಿಯೂ ಸುರಂಗ ರೈಲೂ ಇರುವ ನ್ಯೂಯಾರ್ಕಿನಂತಹ ನಗರದಲ್ಲಿ ಕಡಮೆ. ಭಾರತದಲ್ಲಿ ಆ ಸಂಖ್ಯೆ ವರ್ಷಕ್ಕೆ ಒಂದೂ ಮುಕ್ಕಾಲು ಲಕ್ಷವನ್ನು ಸಮೀಪಿಸಿದೆ. ಧರ್ಮಪುರಿಯಿಂದ ಸೇಲಂಗೆ ಹೋಗುವ ದಾರಿಯಲ್ಲಿ ತೊಪ್ಪೂರು ಘಾಟಿಯ ಇಳಿಜಾರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮಗ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಪ್ರಯಾಣ ಮಾಡುವನೆಂದು ನಿದ್ದೆಗೆಡುವ ತಂದೆ ತಾನೇ ತಲೆಗೆ ಹೆಲ್ಮೆಟ್ ಇಲ್ಲದೆ ಆ ಘಾಟಿಯಲ್ಲಿ ಬೈಕು ಓಡಿಸುವುದುಂಟು.

ನಗರವೆಂದರೆ ಅಪಾಯ, ಹಳ್ಳಿಯೆಂದರೆ ನೆಮ್ಮದಿ ಎಂಬ ಮಾತನ್ನೂ ಚರಿತ್ರೆ ಪೂರ್ತಿಯಾಗಿ ಒಪ್ಪುವುದಿಲ್ಲ. ಅರೂರಿನ ಸಮೀಪ, ಚಿತ್ತೇರಿ ಬೆಟ್ಟದ ಬುಡದಲ್ಲಿರುವ ವಾಚಾತ್ತಿಗೆ 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ನುಗ್ಗಿದ ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಗಳ ಸಿಬ್ಬಂದಿ ಆ ಬುಡಕಟ್ಟು ಜನರ ಊರನ್ನೇ ಹಾಳುಗೆಡವಿ, ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವೆಸಗಿದರು. ಆರೋಪಿಗಳು 269 ಮಂದಿ. ಅವರಲ್ಲಿ ಬದುಕಿದ್ದ 215 ಮಂದಿಯನ್ನೂ ಅಪರಾಧಿಗಳೆಂದು ನ್ಯಾಯಾಲಯ ತೀರ್ಮಾನಿಸಿದ್ದು 2011ರಲ್ಲಿ. ಮದ್ರಾಸ್ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 2023ರಲ್ಲಿ. ಕಾಯಬೇಕಾದವರೇ ಕೊಳ್ಳೆ ಹೊಡೆದಾಗ ಊರಿನ ಪುಟ್ಟತನ ಯಾರನ್ನೂ ಉಳಿಸಲಿಲ್ಲ. ಅಮೆರಿಕದಲ್ಲಿ ಭಾರತೀಯರ ಮೇಲೆ ನಡೆದ ಮೊದಮೊದಲ ದೊಡ್ಡ ಹಲ್ಲೆಯೂ ಮಹಾನಗರದಲ್ಲಿ ಆದದ್ದಲ್ಲ. 1907ರಲ್ಲಿ ಬೆಲ್ಲಿಂಗ್‌ಹ್ಯಾಮ್ ಎಂಬ ಮರಗೆಲಸದ ಪಟ್ಟಣದಲ್ಲಿ ಪಂಜಾಬಿನಿಂದ ಬಂದ ಕೂಲಿಗಾರರನ್ನು ಜನರ ಗುಂಪು ಬಡಿದು ಊರುಬಿಡಿಸಿತು. ಹಾಗೆಂದು ನಗರಗಳೂ ನಿರ್ದೋಷಿಯಲ್ಲ. 1987ರಲ್ಲಿ ನ್ಯೂಯಾರ್ಕಿನ ಎದುರು ದಡದ ಜರ್ಸಿ ಸಿಟಿಯಲ್ಲಿ, ಹಣೆಯ ಕುಂಕುಮವನ್ನೇ ಗುರುತಾಗಿಟ್ಟುಕೊಂಡು ಭಾರತೀಯರನ್ನು ಓಡಿಸುವೆವೆಂದು ಬೆದರಿಸಿದ ಗುಂಪೊಂದು ತಲೆಯೆತ್ತಿತ್ತು. ಅಲ್ಲಿನ ನಮ್ಮವರು ಒಗ್ಗೂಡಿ ಪ್ರತಿಭಟಿಸಿದರು, ಊರು ಬಿಡಲಿಲ್ಲ.

1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಕನ್ನಡಿಗರು ವೈದ್ಯರಾಗಿ, ಎಂಜಿನಿಯರುಗಳಾಗಿ ಆ ನಗರಗಳಿಗೆ ಹೋದರು. 1973ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿತು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಅಕ್ಕದ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಇವುಗಳನ್ನು ಭಾಷಾಭಿಮಾನದ ಕೂಟಗಳೆಂದಷ್ಟೇ ಎಣಿಸುವುದು ವಾಡಿಕೆ. ಕ್ಷೇಮದ ಚರಿತ್ರೆಯಲ್ಲಿಯೂ ಇವಕ್ಕೆ ಸ್ಥಾನವಿದೆಯೆಂಬುದಕ್ಕೆ ಷಿಕಾಗೋ ನಗರದ ಒಂದು ವಿಪತ್ತನ್ನು ನೆನೆಯಬೇಕು.

1995ರ ಜುಲೈ ತಿಂಗಳ ಮಧ್ಯಭಾಗದಲ್ಲಿ ಷಿಕಾಗೋದಲ್ಲಿ ಕೆಲವೇ ದಿನಗಳ ಬಿಸಿಲಿನ ಝಳಕ್ಕೆ ಏಳುನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಮಂದಿ ಒಂಟಿಯಾಗಿ ವಾಸಿಸುತ್ತಿದ್ದ ವೃದ್ಧರು. ಕಳ್ಳರ ಭಯಕ್ಕೆ ಕಿಟಕಿ ಬಾಗಿಲು ಭದ್ರಪಡಿಸಿಕೊಂಡು, ಒಳಗೇ ಬೆಂದುಹೋದವರು ಅವರು. ಈ ಸಾವುಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡ ಕೇರಿಗಳನ್ನು ಹೋಲಿಸಿದನು. ಅಂಗಡಿಗಳು ಮುಚ್ಚಿ, ಬೀದಿ ಬರಿದಾಗಿದ್ದ ಕೇರಿಯಲ್ಲಿ ಸಾವು ಹೆಚ್ಚು. ಅಂಗಡಿ, ಇಗರ್ಜಿ, ಜನರ ಓಡಾಟದಿಂದ ತುಂಬಿದ್ದ, ಅಷ್ಟೇ ಬಡವಾದ ಪಕ್ಕದ ಕೇರಿಯಲ್ಲಿ ಸಾವು ಬಹಳ ಕಡಮೆ. ಅಲ್ಲಿನ ಮುದುಕಿ ಬೇಗೆಯಲ್ಲಿಯೂ ಬೀದಿಗೆ ಇಳಿದು ತಣ್ಣನೆಯ ಅಂಗಡಿಯೊಳಗೆ ಕೂರಬಲ್ಲವಳಾಗಿದ್ದಳು. ಕಾಣದಿದ್ದರೆ ಬಾಗಿಲು ತಟ್ಟುವವರಿದ್ದರು. ಮಕ್ಕಳ ಕರೆಗೆ ಓಗೊಟ್ಟು ಹೋಗುವ ನಮ್ಮ ಹಿರಿಯರಿಗೆ ಇದಕ್ಕಿಂತ ಸಮೀಪವಾದ ಪಾಠ ಇನ್ನೊಂದಿಲ್ಲ. ಮಗನೂ ಸೊಸೆಯೂ ಕೆಲಸಕ್ಕೆ ಹೋದ ಮೇಲೆ, ಕಾರು ಓಡಿಸಲು ಬಾರದ, ನೆರೆಮನೆಯವರ ನುಡಿಯರಿಯದ ತಾಯಿಗೆ ಕೊಲೆಗಡುಕನಿಗಿಂತ ಏಕಾಂತವೇ ದೊಡ್ಡ ಅಪಾಯ.

ಹಾಗಾದರೆ ದುಬಾರಿ ಬಾಡಿಗೆ ಕೊಟ್ಟು ಕೊಳ್ಳುವುದೇನನ್ನು? ಒಳ್ಳೆಯ ನೀರು, ಶಾಲೆ, ಆಸ್ಪತ್ರೆ, ದೀಪವಿರುವ ಬೀದಿ ಇವು ಆ ಬೆಲೆಯಲ್ಲಿ ಸೇರಿವೆ. ಒಂದೂವರೆ ಶತಮಾನದ ವಿಪತ್ತುಗಳ ಅನಂತರ ಸಾರ್ವಜನಿಕ ಹಣದಿಂದ ಕಟ್ಟಿದವು ಅವು. ಆದರೆ ಅವು ಚೆನ್ನಾಗಿವೆಯೆಂದೇ ಜನ ಮುಗಿಬೀಳುತ್ತಾರೆ, ಹೊಸ ಮನೆಗಳನ್ನು ಕಟ್ಟಲು ನಿಯಮಗಳು ಅಡ್ಡಬರುತ್ತವೆ, ಬೆಲೆ ಏರುತ್ತದೆ, ಬೆಲೆ ತೆರಲಾರದವರು ಹೊರಗುಳಿಯುತ್ತಾರೆ. 2024ರ ಜನವರಿಯ ಎಣಿಕೆಯಂತೆ ಸುಮಾರು ಎಂಟು ಲಕ್ಷ ಜನರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ನೆಲೆಯಿಲ್ಲದವರು. ಪ್ರವಾಸಿಗೆ ಭಯ ಹುಟ್ಟಿಸುವ ಬೀದಿಬದಿಯ ಗುಡಾರಗಳಲ್ಲಿರುವವರು ಸಾಮಾನ್ಯವಾಗಿ ಅಪಾಯ ಮಾಡುವವರಿಗಿಂತ ಅಪಾಯಕ್ಕೆ ಒಳಗಾದವರೇ. ಧಾನ್ಯದ ರೈಲು ಹತ್ತಿರದಲ್ಲೇ ನಿಂತಿದ್ದರೂ ಹಸಿದಿದ್ದ 1877ರ ನಮ್ಮ ಸೀಮೆಯ ಕೂಲಿಕಾರನಿಗೂ, ಖಾಲಿ ಕಚೇರಿ ಕಟ್ಟಡಗಳ ಕೆಳಗೆ ಮಲಗುವ ಈ ಜನರಿಗೂ ಸಂಬಂಧ ಕಲ್ಪಿಸುವುದು ಕಷ್ಟವೇನಲ್ಲ.

ಆದ್ದರಿಂದ ಹಿರಿಯರ ಎರಡು ಮಾತುಗಳಿಗೂ ಚರಿತ್ರೆ ಅರ್ಧ ಒಪ್ಪಿಗೆಯನ್ನೇ ಕೊಡುತ್ತದೆ. ಅಮೆರಿಕದ ದೊಡ್ಡ, ದುಬಾರಿ ನಗರಗಳು ಸುದ್ದಿಯಲ್ಲಿ ಕಾಣುವಷ್ಟು ಕ್ರೂರವಲ್ಲ. ಬಾಡಿಗೆಯ ಚೀಟಿ ಸೂಚಿಸುವಷ್ಟು ಸುಖಕರವೂ ಅಲ್ಲ. ಅಲ್ಲಿಗೆ ಹೋಗುವವರು ಊರಿನ ಹೆಸರಿಗಿಂತ ಬೀದಿಯ ವಿವರವನ್ನು ಕೇಳಿ ತಿಳಿಯುವುದು ಲೇಸು. ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ, ಉದ್ಯಾನ, ಗ್ರಂಥಾಲಯ ಇವೆಯೇ? ಬಸ್ಸು ರೈಲು ಸಿಗುತ್ತದೆಯೇ? ಹಿರಿಯರಿಗೆ ಆರೋಗ್ಯ ವಿಮೆ ಮಾಡಿಸಲಾಗಿದೆಯೇ? ಎರಡು ದಿನ ಕಾಣದಿದ್ದರೆ ಬಂದು ವಿಚಾರಿಸುವವರು ಯಾರು?

ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವು ಕನ್ನಡ ಸಂಘಗಳು. ಯುಗಾದಿ, ರಾಜ್ಯೋತ್ಸವ, ಸಾಹಿತ್ಯಗೋಷ್ಠಿಗಳ ಜೊತೆಗೆ ಪ್ರತಿಯೊಂದು ಸಂಘವೂ ತನ್ನ ಸುತ್ತಲಿನ ಹಿರಿಯರ ಪಟ್ಟಿಯೊಂದನ್ನು ಇಟ್ಟುಕೊಂಡು, ಬೇಸಗೆಯ ಬೇಗೆಯಲ್ಲಿ, ಚಳಿಯ ಹಿಮದಲ್ಲಿ ವಾರಕ್ಕೊಮ್ಮೆ ಅವರನ್ನು ಕನ್ನಡದಲ್ಲಿ ಮಾತನಾಡಿಸಿದರೆ ಅದು ಸಣ್ಣ ಕೆಲಸವಲ್ಲ. ಸೇಲಂನಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಷಿಕಾಗೋದಲ್ಲಾಗಲಿ ಈ ಕೆಲಸಕ್ಕೆ ದೊಡ್ಡ ನಿಧಿ ಬೇಕಿಲ್ಲ. ಹೆಸರು, ವಿಳಾಸ, ದೂರವಾಣಿ ಬರೆದಿಡುವ ಒಂದು ಪುಸ್ತಕವೂ ಬಾಗಿಲು ತಟ್ಟಲು ಒಪ್ಪುವ ನಾಲ್ವರು ತರುಣರೂ ಸಾಕು.